ಮಕ್ಕಳನ್ನು ಮೂಲೆಗೆ ಸೇರಿಸುವ ನಾಯಿ

ಪ್ರಶ್ನೆ: ಪಕ್ಕದ ಮನೆಯ ಬಾರ್ಡರ್ ಕಾಲಿ ನಾಯಿ, ಆಡುವ ಮಕ್ಕಳನ್ನು ಸುತ್ತುಹಾಕಿ ಒಂದೇ ಕಡೆ ಸೇರಿಸುತ್ತದೆ. ಅದಕ್ಕೆ ಸಿಟ್ಟೇ?

ಉತ್ತರ: ಸಿಟ್ಟು ಖಂಡಿತ ಅಲ್ಲ. ಅದರ ಪಾಲಿಗೆ ಅದು ಕುರಿ ಕಾಯುವ ಕೆಲಸ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಗುಡ್ಡಗಳಲ್ಲಿ ಇದಕ್ಕೆಂದೇ ಬೆಳೆಸಿದ ತಳಿ ಇದು. ಇಂದಿನ ಬಾರ್ಡರ್ ಕಾಲಿಗಳ ವಂಶ ಹಿಡಿದು ಹೊರಟರೆ, 1893ರಲ್ಲಿ ನಾರ್ಥಂಬರ್ಲೆಂಡಿನ ಆಡಮ್ ಟೆಲ್ಫರ್ ಬಳಿ ಹುಟ್ಟಿದ ‘ಓಲ್ಡ್ ಹೆಂಪ್’ ಎಂಬ ಗಂಡುನಾಯಿಗೆ ಬಂದು ಮುಟ್ಟುತ್ತೇವೆ. ಬೊಗಳಿ ಬೆದರಿಸುವ ಗೋಜಿಗೆ ಹೋಗದೆ, ಮೈ ತಗ್ಗಿಸಿ, ದಿಟ್ಟಿಸಿ ನೋಡಿಯೇ ಕುರಿಗಳನ್ನು ಸರಿಸುತ್ತಿದ್ದ ನಾಯಿ ಅದು. ನನಗೆ ಈ ತಳಿಯ ನಿಜವಾದ ಸೊಬಗು ಆ ನೋಟದಲ್ಲೇ ಕಾಣುತ್ತದೆ. ತೋಳದ ಬೇಟೆಯಲ್ಲಿರುವ ಹೊಂಚು, ಅಟ್ಟುವಿಕೆ ಎರಡೂ ಇದರಲ್ಲಿ ಉಳಿದಿವೆ. ಕೊಲ್ಲುವ ತುಡಿತವನ್ನು ಮಾತ್ರ ಕುರಿಗಾಹಿಗಳು ತಲೆತಲಾಂತರದ ಆಯ್ಕೆಯಿಂದ ತಗ್ಗಿಸಿದ್ದಾರೆ.

ಬುದ್ಧಿ ಬಹಳ ಚುರುಕು. ಅಮೆರಿಕದ ‘ಚೇಸರ್’ ಎಂಬ ಬಾರ್ಡರ್ ಕಾಲಿ ಸಾವಿರಕ್ಕೂ ಹೆಚ್ಚು ಆಟಿಕೆಗಳನ್ನು ಹೆಸರಿನಿಂದಲೇ ಗುರುತಿಸುತ್ತಿತ್ತು. ಕೆಲಸವಿಲ್ಲದಿದ್ದರೆ ಈ ಚುರುಕು ಕಾರು, ಸೈಕಲ್, ಮಕ್ಕಳತ್ತ ತಿರುಗುತ್ತದೆ. ಓಡುವ ಮಗುವಿನ ಹಿಮ್ಮಡಿಗೆ ಬಾಯಿ ಹಾಕುವುದೂ ಉಂಟು, ಹಾಗಾಗಿ ದೊಡ್ಡವರೊಬ್ಬರು ಜೊತೆಗಿರಲಿ. ಪಕ್ಕದ ಮನೆಯವರಿಗೆ ಹೇಳಿ: ಅದಕ್ಕೆ ದಿನವೂ ಓಟ ಬೇಕು, ಕಲಿಯಲು ಹೊಸದೇನಾದರೂ ಬೇಕು. ದಯವಿಟ್ಟು ಕಟ್ಟಿಹಾಕಿ ಬಿಡಬೇಡಿ.