ಬೀಗ ಮುಂದಿನ ಅಚ್ಚಿಗೋ, ಹಿಂದಿನ ಅಚ್ಚಿಗೋ?

ಮೋಟಾರು ವಾಹನದ ಬೀಗವೆಂದೊಡನೆ ಬಾಗಿಲಿನ ಬೀಗವು ನೆನಪಿಗೆ ಬರುವುದು ಸಹಜ. ನಾವು ಇಲ್ಲಿ ಹೇಳಹೊರಟಿರುವುದು ಬೇರೊಂದು ಬೀಗದ ವಿಚಾರ. ಅದು ವಾಹನದ ಹೊಟ್ಟೆಯ ಕೆಳಗೆ, ಎರಡು ಚಕ್ರಗಳ ನಡುವೆ, ಎಣ್ಣೆ ತುಂಬಿದ ಗುಂಡನೆಯ ಪೆಟ್ಟಿಗೆಯೊಳಗೆ ಅಡಗಿಕೊಂಡಿರುತ್ತದೆ. ಅದಕ್ಕೆ ಡಿಫರೆನ್ಷಿಯಲ್ ಲಾಕರ್ ಎಂದು ಹೆಸರು. ಮಳೆಗಾಲದಲ್ಲಿ ಸಹ್ಯಾದ್ರಿಯ ಕೆಸರುದಾರಿಯನ್ನು ಹತ್ತುವ ಜೀಪು ಮೇಲೇರುವುದೋ, ನಡುದಾರಿಯಲ್ಲಿ ಹೂತು ನಿಲ್ಲುವುದೋ ಎಂಬುದು ಎಷ್ಟೋ ವೇಳೆ ಈ ಬೀಗವನ್ನೇ ಅವಲಂಬಿಸಿರುತ್ತದೆ. ಅದರ ಬೆಲೆ ಅಗ್ಗದ್ದಲ್ಲ. ಎರಡು ಅಚ್ಚುಗಳಿಗೂ ಹಾಕಿಸುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಒಂದನ್ನೇ ಹಾಕಿಸುವುದಾದರೆ ಯಾವ ಅಚ್ಚಿಗೆ ಹಾಕಿಸಬೇಕು? ಈ ಪ್ರಶ್ನೆಯನ್ನು ಬಿಡಿಸಬೇಕಾದರೆ ಡಿಫರೆನ್ಷಿಯಲ್ ಎಂಬುದು ಏಕೆ ಹುಟ್ಟಿತೆಂಬುದನ್ನು ಮೊದಲು ತಿಳಿಯಬೇಕು.

ಡ್ರಿಲ್ಲಿನ ಸಮಯದಲ್ಲಿ ಪಕ್ಕಪಕ್ಕದಲ್ಲಿ ನಿಂತ ವಿದ್ಯಾರ್ಥಿಗಳು ಸಾಲು ಮುರಿಯದೆ ಮೂಲೆಯಲ್ಲಿ ತಿರುಗುವುದನ್ನು ನೆನಪಿಗೆ ತಂದುಕೊಳ್ಳಿರಿ. ಒಳತುದಿಯಲ್ಲಿರುವವನು ನಿಂತಲ್ಲಿಯೇ ಹೆಜ್ಜೆ ಹಾಕುತ್ತಾನೆ; ಹೊರತುದಿಯಲ್ಲಿರುವವನು ದಾಪುಗಾಲು ಹಾಕಬೇಕಾಗುತ್ತದೆ. ವಾಹನದ ಚಕ್ರಗಳ ಪಾಡೂ ಇದೇ. ಎಡಬಲದ ಚಕ್ರಗಳ ನಡುವಣ ಅಂತರವು 1.5 ಮೀಟರು ಇರುವ ವಾಹನವು ಒಂದು ಪೂರ್ಣ ಸುತ್ತು ತಿರುಗಿದರೆ ಹೊರಗಿನ ಚಕ್ರವು ಒಳಗಿನ ಚಕ್ರಕ್ಕಿಂತ ಸುಮಾರು 9.4 ಮೀಟರು ಹೆಚ್ಚು ದಾರಿಯನ್ನು ಕ್ರಮಿಸಬೇಕು. ಸೋಜಿಗವೆಂದರೆ, ಆ ಸುತ್ತು ನಮ್ಮ ಶಾಲೆಯ ಅಂಗಳದಷ್ಟು ಚಿಕ್ಕದಾಗಿರಲಿ, ಆಜಾದ್ ಮೈದಾನದಷ್ಟು ದೊಡ್ಡದಾಗಿರಲಿ, ಈ ವ್ಯತ್ಯಾಸವು ಎಳ್ಳಷ್ಟೂ ಬದಲಾಗುವುದಿಲ್ಲ. ವೃತ್ತದ ಪರಿಧಿಯ ಸೂತ್ರವನ್ನು ಬಲ್ಲವರು ಕಾಗದದ ಮೇಲೆ ಲೆಕ್ಕ ಮಾಡಿ ನೋಡಬಹುದು.

ನಮ್ಮ ಎತ್ತಿನ ಗಾಡಿಗೆ ಈ ತೊಡಕು ಇಲ್ಲ. ಅಲ್ಲಿ ಎಳೆಯುವುದು ಎತ್ತು. ಚಕ್ರಗಳೆರಡೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ಸುತ್ತುತ್ತವೆ. ಎಂಜಿನು ಅಚ್ಚನ್ನೇ ತಿರುಗಿಸತೊಡಗಿದ ಮೇಲೆ ತೊಡಕು ಹುಟ್ಟಿತು. ಎರಡೂ ಚಕ್ರಗಳನ್ನು ತಿರುಗಿಸಬೇಕು, ಆದರೆ ಒಂದೇ ವೇಗದಲ್ಲಿ ತಿರುಗೆಂದು ಒತ್ತಾಯಿಸಲಾಗದು. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬ ಯಂತ್ರಕುಶಲಿಯು 1820ರ ದಶಕದ ಕೊನೆಯಲ್ಲಿ ಉಗಿಯಿಂದ ನಡೆಯುವ ಗಾಡಿಗಾಗಿ ಇದಕ್ಕೊಂದು ಉಪಾಯವನ್ನು ಕಂಡುಹಿಡಿದು ಹಕ್ಕುಪತ್ರವನ್ನು ಪಡೆದನು. ಅಚ್ಚನ್ನು ನಡುವೆ ಎರಡಾಗಿ ಸೀಳಿ, ಆ ಎರಡು ತುಂಡುಗಳ ನಡುವೆ ಹಲ್ಲುಗಾಲಿಗಳ ಒಂದು ಗುಂಪನ್ನು ಇಡುವುದೇ ಆ ಉಪಾಯ. ಒಂದು ಚಕ್ರವು ನಿಧಾನವಾದಷ್ಟು ಇನ್ನೊಂದು ಚುರುಕಾಗುತ್ತದೆ. ಇಂದಿಗೂ ಕಾರು, ಬಸ್ಸು, ಲಾರಿಗಳಲ್ಲಿರುವುದು ಇದೇ ತತ್ತ್ವ. (ನಾವು ದಿನವೂ ಏರುವ ಲೋಕಲ್ ರೈಲಿನಲ್ಲಿ ಮಾತ್ರ ಎರಡು ಚಕ್ರಗಳನ್ನೂ ಒಂದೇ ಅಚ್ಚಿಗೆ ಭದ್ರವಾಗಿ ಬಿಗಿದಿರುತ್ತಾರೆ. ಅಲ್ಲಿ ಚಕ್ರದ ಅಂಚನ್ನು ಸ್ವಲ್ಪ ಓರೆಯಾಗಿ ಕಡೆದು ತಿರುವಿನ ವ್ಯತ್ಯಾಸವನ್ನು ಸರಿದೂಗಿಸುತ್ತಾರೆ. ಆದರೂ ತೀರ ಬಿಗಿಯಾದ ತಿರುವಿನಲ್ಲಿ ಚಕ್ರಗಳು ಕಿರುಗುಟ್ಟುವುದನ್ನು ನೀವು ಕೇಳಿರಬಹುದು.)

ಈ ಉಪಾಯದಲ್ಲಿ ಒಂದು ದೋಷವುಂಟು. ಡಿಫರೆನ್ಷಿಯಲ್ಲು ಎರಡು ಚಕ್ರಗಳಿಗೂ ತಿರುಗಿಸುವ ಬಲವನ್ನು ಸರಿಸಮವಾಗಿ ಹಂಚುತ್ತದೆ. ಒಂದು ಚಕ್ರವು ಗಟ್ಟಿನೆಲದ ಮೇಲಿದ್ದು ಇನ್ನೊಂದು ರಾಡಿಯಲ್ಲಿದೆ ಎಂದು ಭಾವಿಸಿರಿ. ರಾಡಿಯ ಚಕ್ರಕ್ಕೆ ಹಿಡಿತವಿಲ್ಲ. ಅದನ್ನು ಗಿರ್ರನೆ ಸುತ್ತಿಸಲು ಅತ್ಯಲ್ಪ ಬಲ ಸಾಕು. ಸಮಪಾಲಿನ ನಿಯಮದಂತೆ ಗಟ್ಟಿನೆಲದ ಚಕ್ರಕ್ಕೂ ಅಷ್ಟೇ ಅಲ್ಪಬಲವು ದೊರೆಯುತ್ತದೆ. ಎಂಜಿನಿನ ಶಕ್ತಿಯೆಲ್ಲ ಜಾರುವ ಚಕ್ರಕ್ಕೇ ಹರಿದುಹೋಗುತ್ತದೆಂದು ಜನರು ಹೇಳುವುದುಂಟು. ಅದು ಅರ್ಧಸತ್ಯ ಮಾತ್ರ. ನಿಜಸಂಗತಿಯೆಂದರೆ, ಗಟ್ಟಿ ಚಕ್ರಕ್ಕೆ ದುಡಿಯುವ ಸಾಮರ್ಥ್ಯವಿದ್ದರೂ ಜಾರುವ ಚಕ್ರಕ್ಕೆ ಸಿಕ್ಕಿದ್ದಕ್ಕಿಂತ ಹೆಚ್ಚು ಬಲವು ಅದಕ್ಕೆ ಸಿಕ್ಕುವುದೇ ಇಲ್ಲ.

ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವಿರುವ ಜೀಪಿಗೆ ಇಂಥ ಕಷ್ಟವೆಲ್ಲಿಯದು ಎಂದು ಯಾರಾದರೂ ಕೇಳಬಹುದು. ಅಂಥ ಜೀಪಿನಲ್ಲಿ ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು, ಹೀಗೆ ಎರಡು ಡಿಫರೆನ್ಷಿಯಲ್ಲುಗಳಿರುತ್ತವೆ. ಹಳ್ಳದಿಣ್ಣೆಗಳ ದಾರಿಯಲ್ಲಿ ಮುಂದಿನ ಎಡಚಕ್ರವೂ ಹಿಂದಿನ ಬಲಚಕ್ರವೂ ಒಟ್ಟಿಗೆ ನೆಲ ಬಿಟ್ಟು ಮೇಲೆದ್ದರೆ, ಮೇಲೆದ್ದ ಎರಡೂ ಗಾಳಿಯಲ್ಲಿ ತಿರುಗುತ್ತವೆ. ನೆಲದ ಮೇಲಿರುವ ಎರಡೂ ಸುಮ್ಮನೆ ನಿಲ್ಲುತ್ತವೆ. ನಾಲ್ಕು ಚಕ್ರದ ವಾಹನವು ನಿಂತಲ್ಲಿಯೇ ನಿಂತಿತು!

ಈ ಸಮಯಕ್ಕೆ ಬೇಕಾದದ್ದೇ ಬೀಗ. ಸೀಳಿದ್ದ ಅಚ್ಚಿನ ತುಂಡುಗಳನ್ನು ಅದು ತಾತ್ಕಾಲಿಕವಾಗಿ ಮತ್ತೆ ಒಂದು ಮಾಡುತ್ತದೆ. ಆಗ ಎರಡು ಚಕ್ರಗಳೂ ಒಂದೇ ವೇಗದಲ್ಲಿ ತಿರುಗಲೇಬೇಕಾಗಿ, ಹಿಡಿತವಿರುವ ಚಕ್ರವು ತನ್ನ ಪೂರ್ಣ ಸಾಮರ್ಥ್ಯದಿಂದ ವಾಹನವನ್ನು ನೂಕುತ್ತದೆ. ಕೆಲವು ಬೀಗಗಳನ್ನು ಚಾಲಕನು ಸನ್ನೆಗೋಲಿನಿಂದಲೋ, ಗಾಳಿಯ ಒತ್ತಡದಿಂದಲೋ, ವಿದ್ಯುತ್ತಿನಿಂದಲೋ ಹಾಕಿ ತೆಗೆಯುತ್ತಾನೆ. ಕೆಲವು ತಾವಾಗಿಯೇ ಬೀಳುತ್ತವೆ. 2020ರಲ್ಲಿ ಬಂದ ಮಹೀಂದ್ರ ಥಾರ್ ವಾಹನದ ಕೆಲವು ಮಾದರಿಗಳಲ್ಲಿ ಹಿಂದಿನ ಅಚ್ಚಿಗೆ ತಾನಾಗಿ ಬೀಳುವ ಯಾಂತ್ರಿಕ ಬೀಗವಿತ್ತು. ಪುಣೆಯ ಫೋರ್ಸ್ ಕಂಪನಿಯ ಗೂರ್ಖಾ 2021ರಲ್ಲಿ ಹೊಸ ರೂಪವನ್ನು ತಾಳಿದಾಗ ಎರಡು ಅಚ್ಚುಗಳಿಗೂ ಚಾಲಕನ ಕೈಗೆಟುಕುವ ಬೀಗಗಳನ್ನು ಹೊತ್ತು ಬಂದಿತು. ಮಾರುತಿಯ ಜಿಮ್ನಿಯಲ್ಲಿ ಬೀಗವಿಲ್ಲ. ಜಾರುವ ಚಕ್ರಕ್ಕೆ ಅದು ತಾನೇ ಬ್ರೇಕು ಹಾಕುತ್ತದೆ. ತಿರುಗಲು ಹೆಚ್ಚು ಬಲ ಬೇಕಾದೊಡನೆ ಸಮಪಾಲಿನ ನಿಯಮದಂತೆ ಎದುರು ಚಕ್ರಕ್ಕೂ ಹೆಚ್ಚು ಬಲ ಸಿಕ್ಕುತ್ತದೆ. ಜಾಣ ಉಪಾಯವೇ ಸರಿ. ಆದರೆ ಬಹಳ ಹೊತ್ತು ನಡೆಸಿದರೆ ಬ್ರೇಕು ಕಾಯುತ್ತದೆ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಒಂದೇ ಬೀಗವಾದರೆ ಅದು ಹಿಂದಿನ ಅಚ್ಚಿಗೇ ಇರಲೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಮೊದಲ ಕಾರಣವು ಭಾರದ ಲೆಕ್ಕ. ಸಮನೆಲದಲ್ಲಿ ಮುಂದೆ 50, ಹಿಂದೆ 50 ಪಾಲಿನಂತೆ ಭಾರವು ಹಂಚಿಹೋಗಿರುವ ವಾಹನವೊಂದನ್ನು ತೆಗೆದುಕೊಳ್ಳೋಣ. ಅದರ ಗುರುತ್ವಕೇಂದ್ರವು ನೆಲದಿಂದ 75 ಸೆಂಟಿಮೀಟರು ಎತ್ತರದಲ್ಲಿರಲಿ; ಎರಡು ಅಚ್ಚುಗಳ ಅಂತರವು 2.4 ಮೀಟರು ಇರಲಿ. ಇದು 30 ಅಂಶದ ಏರನ್ನು ಹತ್ತುವಾಗ ಹಿಂದಿನ ಚಕ್ರಗಳ ಪಾಲು ಸುಮಾರು 68ಕ್ಕೆ ಏರುತ್ತದೆ, ಮುಂದಿನವುಗಳ ಪಾಲು 32ಕ್ಕೆ ಇಳಿಯುತ್ತದೆ. ಟೈರಿನ ಹಿಡಿತವು ಅದರ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ ಇರುತ್ತದೆ. ಏರಿನಲ್ಲಿ ದುಡಿಯಬಲ್ಲವು ಹಿಂದಿನ ಚಕ್ರಗಳು. ಅವುಗಳಲ್ಲಿ ಒಂದನ್ನು ಸೋಮಾರಿಯಾಗಲು ಬಿಟ್ಟು ಮುಂದಿನವುಗಳಿಗೆ ಬೀಗ ಹಾಕುವುದು, ಬಲಶಾಲಿಯನ್ನು ಕೂರಿಸಿ ಬಡವನ ಹೆಗಲಿಗೆ ಮೂಟೆ ಹೊರಿಸಿದಂತೆ.

ಎರಡನೆಯ ಕಾರಣವು ಸ್ಟಿಯರಿಂಗಿನದು. ಮುಂದಿನ ಚಕ್ರಗಳು ನೂಕುವುದಷ್ಟೇ ಅಲ್ಲ, ದಿಕ್ಕನ್ನೂ ತಿರುಗಿಸಬೇಕು. ಅವುಗಳಿಗೆ ಬೀಗ ಹಾಕಿದರೆ ಎರಡೂ ನೇರವಾಗಿಯೇ ಹೋಗಲು ಹಟ ಹಿಡಿಯುತ್ತವೆ. ಕೈಯಲ್ಲಿನ ಸ್ಟಿಯರಿಂಗು ಕಲ್ಲಿನಂತೆ ಭಾರವಾಗುತ್ತದೆ. ಅಲ್ಲದೆ, ಮುಂದಿನ ಅಚ್ಚಿನ ತುದಿಗಳಲ್ಲಿ ಚಕ್ರವು ತಿರುಗಲು ಅನುಕೂಲವಾಗುವಂತೆ ಕೀಲುಗಳಿರುತ್ತವೆ; ಚಕ್ರವನ್ನು ಪೂರ್ತಿ ತಿರುಗಿಸಿ ಬೀಗದ ಬಲವನ್ನೂ ಹರಿಸಿದರೆ ಆ ಕೀಲುಗಳು ಮುರಿಯುವ ಭಯವು ಹೆಚ್ಚು. ಕಾಡಿನ ನಡುವೆ ಕೀಲು ಮುರಿದವನ ಸಂಕಟವನ್ನು ಬಣ್ಣಿಸಬೇಕಾಗಿಲ್ಲ.

ವಾಹನಗಳನ್ನು ಮಾಡುವವರೂ ಇದನ್ನೇ ಒಪ್ಪಿದಂತಿದೆ. ಜೀಪ್ ಕಂಪನಿಯ ರ‍್ಯಾಂಗ್ಲರ್ ರುಬಿಕಾನಿನಲ್ಲಿ ಹಿಂದಿನ ಬೀಗವನ್ನು ಮಾತ್ರ ಹಾಕಬಹುದು, ಇಲ್ಲವೆ ಎರಡನ್ನೂ ಹಾಕಬಹುದು. ಮುಂದಿನದೊಂದನ್ನೇ ಹಾಕುವ ಗುಂಡಿಯನ್ನು ಕಂಪನಿಯವರು ಇಟ್ಟಿಲ್ಲ. 1979ರಿಂದ ಬರುತ್ತಿರುವ ಮರ್ಸಿಡಿಸ್ ಜಿ ವಾಹನದ ಮೂರು ಬೀಗಗಳ ಮಾದರಿಯಲ್ಲಿ ಮೊದಲು ನಡುವಿನದು, ಆಮೇಲೆ ಹಿಂದಿನದು, ಕೊನೆಗೆ ಮುಂದಿನದು ಎಂಬ ಕ್ರಮವಿದೆ.

ಹಾಗೆಂದು ಮುಂದಿನ ಬೀಗದ ಪಕ್ಷವಾದಿಗಳ ಮಾತನ್ನು ತಳ್ಳಿಹಾಕಲಾಗದು. ಮೊಣಕಾಲೆತ್ತರದ ಬಂಡೆಯೊಂದು ಅಡ್ಡ ಬಂದಾಗ ಹಿಂದಿನ ಚಕ್ರಗಳು ನೂಕಿದಷ್ಟೂ ಮುಂದಿನ ಟೈರು ಬಂಡೆಯ ಮುಖಕ್ಕೆ ಒತ್ತಿಕೊಳ್ಳುತ್ತದೆಯೇ ಹೊರತು ಮೇಲೇರುವುದಿಲ್ಲ. ಮುಂದಿನ ಚಕ್ರವೇ ಬಲವಾಗಿ ತಿರುಗಿ ಬಂಡೆಯನ್ನು ಕಚ್ಚಿಕೊಂಡು ಹತ್ತಬೇಕು. ಹಿಮ್ಮುಖವಾಗಿ ಏರನ್ನು ಹತ್ತಬೇಕಾದಾಗಲೂ ಭಾರದ ಲೆಕ್ಕ ತಿರುವುಮುರುವಾಗಿ, ಮುಂದಿನ ಅಚ್ಚೇ ಹೆಚ್ಚು ಹೊರುತ್ತದೆ. ಹಿಂದಿನ ಅಚ್ಚಿಗೆ ಕಾರ್ಖಾನೆಯಿಂದಲೇ ಬೀಗವಿದ್ದರಂತೂ, ಹೊಸದಾಗಿ ಹಣ ವೆಚ್ಚ ಮಾಡುವವನಿಗೆ ಉಳಿಯುವುದು ಮುಂದಿನದೊಂದೇ. ಬಂಡೆಗಳ ದಾರಿಯಲ್ಲಿ ನಿತ್ಯವೂ ಓಡಾಡುವವನು ಅದನ್ನು ಹಾಕಿಸಿದರೆ ನಾವು ಆಕ್ಷೇಪಿಸುವುದಿಲ್ಲ.

ನಮ್ಮಲ್ಲಿ ಹಲವರ ಊರು ಕೊಡಗು, ಚಿಕ್ಕಮಗಳೂರುಗಳ ಕಡೆಯದು. ಕಾಫಿ ತೋಟಗಳ ಜೀಪುಗಳನ್ನೂ, ಮಡಿಕೇರಿಯ ಹತ್ತಿರದ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ತುಂಬಿಕೊಂಡು ಏರುವ ಜೀಪುಗಳನ್ನೂ ರಜೆಯಲ್ಲಿ ನೀವು ಕಂಡಿರಬಹುದು. ಅಂಥ ದಾರಿಗಳಲ್ಲಿ ಏರಿಗಿಂತಲೂ ಪಕ್ಕಕ್ಕೆ ವಾಲಿದ ಓರೆನೆಲವು ಹೆಚ್ಚು ಅಪಾಯಕರ. ಬೀಗವಿಲ್ಲದಾಗ ಒಂದು ಚಕ್ರ ಜಾರಿದರೂ, ತಿರುಗದೆ ನಿಂತ ಇನ್ನೊಂದು ಚಕ್ರವು ಲಂಗರಿನಂತೆ ನೆಲವನ್ನು ಹಿಡಿದಿರುತ್ತದೆ. ಬೀಗ ಹಾಕಿದಾಗ ಎರಡೂ ಒಟ್ಟಿಗೆ ಜಾರುತ್ತವೆ, ಲಂಗರು ಕಿತ್ತುಹೋಗುತ್ತದೆ. ಹಿಂದಿನ ಅಚ್ಚಿಗೆ ಬೀಗ ಬಿದ್ದಿದ್ದರೆ ವಾಹನದ ಬಾಲವು ಕಣಿವೆಯ ಕಡೆಗೆ ಸರಿಯುತ್ತದೆ. ಮುಂದಿನದಕ್ಕೆ ಬಿದ್ದಿದ್ದರೆ ಮೂತಿ ಸರಿಯುತ್ತದೆ; ಆಗ ಕೆಳಗೆ ಜಾಗವಿದ್ದರೆ ಚಾಲಕನು ಇಳಿಜಾರಿನತ್ತಲೇ ತಿರುಗಿಸಿ ಸಾವರಿಸಿಕೊಳ್ಳಬಹುದು, ಬಾಲ ಸರಿದರೆ ಅಂಥ ಅವಕಾಶ ಕಡಮೆ. ಹಿಂದಿನ ಬೀಗವನ್ನೇ ಮೆಚ್ಚಿದ ನಾವು ಈ ಒಂದು ವಿಷಯದಲ್ಲಿ ಅದರ ಕುಂದನ್ನು ಮರೆಮಾಚಲಾರೆವು. ಓರೆನೆಲಕ್ಕೆ ಬರುವ ಮೊದಲೇ ಅದನ್ನು ಬಿಚ್ಚತಕ್ಕದ್ದು.

ಬೀಗವನ್ನು ಹಾಕಲೂ ಸಮಯವುಂಟು. ಚಕ್ರವೊಂದು ಭರದಿಂದ ಸುತ್ತುತ್ತಿರುವಾಗ ಹಾಕಿದರೆ ಹಲ್ಲುಗಾಲಿಗಳಿಗೆ ಪೆಟ್ಟು ಬಿದ್ದು ಅಚ್ಚು ತುಂಡಾಗಬಹುದು. ಕೆಸರಿಗೆ ಇಳಿಯುವ ಮುನ್ನ, ನಿಂತೋ ಮೆಲ್ಲಗೆ ನಡೆಯುತ್ತಲೋ ಹಾಕಬೇಕು. ದಾಟಿ ಗಟ್ಟಿರಸ್ತೆಗೆ ಬಂದ ಮೇಲೆ ಬಿಚ್ಚಬೇಕು. ಡಾಂಬರಿನ ಮೇಲೆ ಬೀಗವನ್ನು ಹಾಗೆಯೇ ಬಿಟ್ಟು ತಿರುವಿಗೆ ಬಂದರೆ ವಾಹನವು ತಿರುಗದೆ ನೇರ ಸಾಗಲು ನೋಡುತ್ತದೆ, ಟೈರು ಸವೆಯುತ್ತದೆ. ಕೆಲವೊಮ್ಮೆ ಗುಂಡಿಯನ್ನು ಒತ್ತಿದರೂ ಚಾಲಕನೆದುರಿನ ದೀಪವು ಆರುವುದಿಲ್ಲ. ಅಚ್ಚಿನಲ್ಲಿ ತಿರುಚಿದ ಬಲವು ಇನ್ನೂ ಸಿಕ್ಕಿಕೊಂಡಿರುವುದೇ ಅದಕ್ಕೆ ಕಾರಣ. ಆಗ ವಾಹನವನ್ನು ಒಂದೆರಡು ಮೀಟರು ಹಿಂದಕ್ಕೆ ನಡೆಸಿ, ಮತ್ತೆ ಮುಂದಕ್ಕೆ ತಂದರೆ ಬಿಗುಪು ಸಡಿಲಗೊಂಡು ಬೀಗವು ಬಿಚ್ಚಿಕೊಳ್ಳುತ್ತದೆ, ದೀಪವೂ ಆರುತ್ತದೆ.