ಮೀನಿನ ಮರಿಗೆ 'ತಡಿ' ಅನ್ನೋ ನರ ಯಾಕೆ ಬೇಕು?



ಹೇಮಾವತಿ ಹೊಳೆ ದಡದಲ್ಲಿ ನೀರಿಗೆ ಕಾಲಿಟ್ಟರೆ ಮೀನಿನ ಮರಿಗಳು ಬಂದು ಮುತ್ತುತ್ತವೆ. ಕಾಲು ಅಲ್ಲಾಡಿಸಿದರೆ ಸರ್ರನೆ ಓಡುತ್ತವೆ. ನರ ಅಂದರೆ 'ಅಲ್ಲಾಡು' ಅಂತ ಹೇಳೋದು ಅಷ್ಟೇ ಅಂದ್ಕೊಂಡಿದ್ದೆ. ಅದು ಅರ್ಧ ಮಾತ್ರ ಸರಿ.

ಮಜ್ಜಿಗೆ ಕಡೆಯೋದನ್ನು ನೆನಪು ಮಾಡ್ಕೊಳ್ಳಿ. ಬಲಗೈ ಹಗ್ಗ ಎಳೆದಾಗ ಎಡಗೈ ಸಡಿಲ ಬಿಡಬೇಕು. ಎರಡೂ ಕೈ ಒಟ್ಟಿಗೆ ಎಳೆದರೆ ಕಡಗೋಲು ತಿರುಗೋದೇ ಇಲ್ಲ. (ನಾನು ಹಾಗೆ ಮಾಡಿ ಅಜ್ಜಿ ಹತ್ರ ಬೈಸಿಕೊಂಡೆ.) ಮೀನು ಈಜೋದೂ ಹೀಗೆಯೇ. ಬಲಗಡೆ ಸ್ನಾಯು ಬಿಗಿಯಾದಾಗ ಎಡಗಡೆಯದು ಸಡಿಲವಾಗಬೇಕು. ಆಗ ಬಾಲ ಆ ಕಡೆ ಈ ಕಡೆ ಬಡಿಯುತ್ತೆ. ಇದಕ್ಕಾಗಿ ಮೆದುಳುಬಳ್ಳಿಯಲ್ಲಿ ತಡೆಯುವ ನರಕೋಶಗಳಿವೆ. ಅವುಗಳ ಎಳೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ದಾಟಿ, ಗ್ಲೈಸಿನ್ ಎಂಬ ರಾಸಾಯನಿಕ ಬಿಟ್ಟು, 'ನೀನು ತಡಿ, ಈಗ ನಮ್ಮ ಸರದಿ' ಅನ್ನುತ್ತವೆ.

ವಿಜ್ಞಾನಿಗಳು ಇದನ್ನು ಜೀಬ್ರಾ ಮೀನಿನಲ್ಲಿ ನೋಡುತ್ತಾರೆ. ಇದು ನಮ್ಮ ದೇಶದ್ದೇ ಮೀನು, ಮೈಮೇಲೆ ಪಟ್ಟೆ ಇರುತ್ತೆ. ಮರಿ ಗಾಜಿನ ಹಾಗೆ ಪಾರದರ್ಶಕ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ವತ್ಸಲಾ ತಿರುಮಲೈ ಅವರೂ ಈ ಮರಿಗಳು ಈಜುವ ಬಗೆಯನ್ನು ಅಭ್ಯಾಸ ಮಾಡಿದ್ದಾರೆ. ಸುಮಾರು 17 ಗಂಟೆಗೆ ಮೊಟ್ಟೆಯೊಳಗೇ ಬಾಲ ಸುರುಳಿ ಸುತ್ತಲು ಶುರು. 27 ಗಂಟೆ ಹೊತ್ತಿಗೆ ಮೊಟ್ಟೆಯಿಂದ ಬಿಡಿಸಿ ಮುಟ್ಟಿದರೆ ಈಜುತ್ತೆ!

ಜರ್ಮನಿಯಲ್ಲಿ ಕೆಲವು ಮರಿಗಳು ಮುಟ್ಟಿದರೆ ಓಡುವ ಬದಲು ಹಾರ್ಮೋನಿಯಂ ತಿದಿಯಂತೆ ಕುಗ್ಗಿದವು. 1996ರಲ್ಲಿ ಅವುಗಳಿಗೆ ಬ್ಯಾಂಡೋನಿಯನ್ ಅಂತ ತಿದಿ ಇರೋ ವಾದ್ಯದ ಹೆಸರನ್ನೇ ಇಟ್ಟರು. ಕಾರಣ ಗೊತ್ತಾದದ್ದು 2005ರಲ್ಲಿ. ಗ್ಲೈಸಿನ್ ಬಂದರೂ ಅದನ್ನು ಹಿಡಿಯೋ ಭಾಗ ಅವಕ್ಕೆ ಸರಿಯಿರಲಿಲ್ಲ. 'ತಡಿ' ಅಂದದ್ದು ಕೇಳಿಸದೆ ಎರಡು ಪಕ್ಕವೂ ಒಟ್ಟಿಗೆ ಎಳೆಯುತ್ತಿದ್ದವು, ಪಾಪ.

ನಮ್ಮ ಮೆದುಳುಬಳ್ಳಿಯಲ್ಲೂ ಇಂಥ ನರಕೋಶಗಳಿವೆ. ಧನುರ್ವಾಯು ಬರೋದು ಅಲ್ಲೇ ಕೆಟ್ಟಾಗ. ಮಣ್ಣು, ಸಗಣಿಯಲ್ಲಿರೋ ಬ್ಯಾಕ್ಟೀರಿಯಾ ಗಾಯದೊಳಗೆ ಸೇರಿ ವಿಷ ಮಾಡುತ್ತೆ. ಆ ವಿಷ ಮೆದುಳುಬಳ್ಳಿಗೆ ಹೋಗಿ ತಡೆಯುವ ನರಕೋಶಗಳ ಬಾಯಿ ಕಟ್ಟುತ್ತೆ. ಗ್ಲೈಸಿನ್ ಹೊರಗೆ ಬರಲ್ಲ. ಎಲ್ಲಾ ಸ್ನಾಯು ಒಟ್ಟಿಗೆ ಬಿಗಿದು ದವಡೆ ಕಚ್ಚಿಕೊಳ್ಳುತ್ತೆ, ಮೈ ಧನುಸ್ಸಿನಂತೆ ಬಾಗುತ್ತೆ. ಜೀವವೇ ಹೋಗಬಹುದು.

ಹೋದ ವರ್ಷ ಕೊಟ್ಟಿಗೆಲಿ ನನ್ನ ಕಾಲಿಗೆ ಮೊಳೆ ಚುಚ್ಚಿತ್ತು. ಅರಿಶಿನ ಹಚ್ಚಿದ್ರೆ ಸಾಕು ಅಂತ ನಾನು ಎಷ್ಟು ಅತ್ತರೂ ಅಪ್ಪ ಬಿಡದೆ ಕರ್ಕೊಂಡು ಹೋಗಿ ಸೂಜಿ ಹಾಕಿಸಿದ್ರು. ಯಾಕೆ ಅಂತ ಆಗ ಗೊತ್ತಿರಲಿಲ್ಲ. ಶಾಲೆ ಮಕ್ಕಳಿಗೆ ಈ ರೋಗ ತಡೆಯೋ ಟಿಡಿ ಲಸಿಕೆ 10ನೇ ವರ್ಷಕ್ಕೆ ಒಂದು, 16ಕ್ಕೆ ಇನ್ನೊಂದು. ನಮ್ಮ ತರಗತಿಯವರಿಗೆಲ್ಲಾ ಎರಡನೆಯದು ಇನ್ನೂ ಬಾಕಿ ಇದೆ.