ಸೇವೆ ಸಿದ್ಧವಾಯಿತೇ? ತೆರೆಮರೆಯ ತಂತ್ರಾಂಶಗಳು ಒಪ್ಪಿಸುವ ವರದಿ

ಗಣಕವನ್ನು ಚಾಲೂ ಮಾಡಿದಾಗ ನಮ್ಮ ಕಣ್ಣಿಗೆ ಬೀಳುವುದು ಲಾಗಿನ್ ಪುಟ ಮಾತ್ರ. ಅದು ಮೂಡುವ ಮೊದಲೇ ಹತ್ತಾರು ಚಿಕ್ಕ ದೊಡ್ಡ ತಂತ್ರಾಂಶಗಳು ತೆರೆಮರೆಯಲ್ಲಿ ಕೆಲಸಕ್ಕೆ ಇಳಿದಿರುತ್ತವೆ. ಒಂದು ಜಾಲದ ಸಂಪರ್ಕ ನೋಡಿಕೊಳ್ಳುತ್ತದೆ, ಇನ್ನೊಂದು ಪ್ರಿಂಟರಿಗೆ ಕೆಲಸ ಹಂಚುತ್ತದೆ, ಮತ್ತೊಂದು ಗಡಿಯಾರವನ್ನು ಸರಿಪಡಿಸುತ್ತದೆ. ಯುನಿಕ್ಸ್ ಪರಂಪರೆಯಲ್ಲಿ ಇವುಗಳಿಗೆ 'ಡೀಮನ್' ಎಂದು ಹೆಸರು. 1963ರಲ್ಲಿ ಅಮೆರಿಕದ ಎಂಐಟಿಯ 'ಪ್ರಾಜೆಕ್ಟ್ ಮ್ಯಾಕ್' ತಂಡದವರು ಈ ಹೆಸರಿಟ್ಟಾಗ ಅವರ ಮನಸ್ಸಿನಲ್ಲಿದ್ದುದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದ 'ಮ್ಯಾಕ್ಸ್‌ವೆಲ್‌ನ ಭೂತ': ದಣಿವಿಲ್ಲದೆ ಅಣುಗಳನ್ನು ವಿಂಗಡಿಸುತ್ತ ಕೂರುವ ಕಾಲ್ಪನಿಕ ಜೀವಿ.

ಈ ಭೂತಗಳ ಮೇಲೊಬ್ಬ ಮೇಸ್ತ್ರಿ ಬೇಕು. ಯಾರು ಯಾವಾಗ ಎದ್ದೇಳಬೇಕು, ಯಾರು ಯಾರಿಗಾಗಿ ಕಾಯಬೇಕು, ಯಾರಾದರೂ ಕುಸಿದರೆ ಏನು ಮಾಡಬೇಕು ಎಂಬುದೆಲ್ಲ ಅವನ ಜವಾಬ್ದಾರಿ. ಇಂದಿನ ಹೆಚ್ಚಿನ ಲಿನಕ್ಸ್ ವ್ಯವಸ್ಥೆಗಳಲ್ಲಿ ಈ ಸೇವಾ ನಿರ್ವಾಹಕನ ಹೆಸರು 'ಸಿಸ್ಟಮ್‌ಡಿ'. ಇದನ್ನು 2010ರಲ್ಲಿ ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಆರಂಭಿಸಿದರು.

ನಮ್ಮ ರಾಜ್ಯದ ಅನೇಕ ಶಿಕ್ಷಕರು ಈ ಮೇಸ್ತ್ರಿಯನ್ನು ತಮಗೆ ಗೊತ್ತಿಲ್ಲದೆಯೇ ಬಳಸಿದ್ದಾರೆ. ಬನಶಂಕರಿ 3ನೇ ಹಂತದಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಹಾಗೂ ಜಯನಗರದ 'ಐಟಿ ಫಾರ್ ಚೇಂಜ್' ಸಂಸ್ಥೆ ಸೇರಿ ನಡೆಸಿದ 'ವಿಷಯ ಶಿಕ್ಷಕರ ವೇದಿಕೆ' ಕಾರ್ಯಕ್ರಮದಲ್ಲಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಲಿನಕ್ಸ್ ಮೇಲೆಯೇ ತರಬೇತಿ ನೀಡಲಾಯಿತು. ಜಿಯೋಜೀಬ್ರಾದಲ್ಲಿ ತ್ರಿಭುಜ ಎಳೆಯಲು ಕಲಿತದ್ದು ಅನೇಕರಿಗೆ ನೆನಪಿರಬಹುದು. ಉಬುಂಟುವಿನಲ್ಲಿ 2006ರ 6.10 ಆವೃತ್ತಿಯಿಂದ 'ಅಪ್‌ಸ್ಟಾರ್ಟ್' ಎಂಬ ಬೇರೊಬ್ಬ ಮೇಸ್ತ್ರಿಯಿದ್ದ. 2015ರ ಏಪ್ರಿಲ್‌ನಲ್ಲಿ ಬಂದ 15.04ರಿಂದ ಆ ಸ್ಥಾನಕ್ಕೆ ಸಿಸ್ಟಮ್‌ಡಿ ಬಂತು. ಶಾಲೆಗಳು ನೆಚ್ಚುವ ದೀರ್ಘಾವಧಿ ಆವೃತ್ತಿಗಳ ಲೆಕ್ಕದಲ್ಲಿ ಹೇಳುವುದಾದರೆ 14.04ರಲ್ಲಿ ಹಳಬ, 16.04ರಲ್ಲಿ ಹೊಸಬ.

ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಜೆ.ಪಿ. ನಗರದ ಒಂದು ಪ್ರೌಢಶಾಲೆಯ ಗಣಕ ಕೊಠಡಿಯಲ್ಲಿ ಒಂದು ಯಂತ್ರವನ್ನು ಸರ್ವರ್ ಮಾಡಿಕೊಂಡು ಪ್ರಶ್ನೆಕೋಶ, ಅಂಕಪಟ್ಟಿ ಇವನ್ನೆಲ್ಲ 'ಮರಿಯಾಡಿಬಿ' ದತ್ತಸಂಚಯದಲ್ಲಿ ಇಟ್ಟಿದ್ದಾರೆ. ಅದರ ಮೇಲೆ ಒಂದು ಜಾಲತಾಣ ನಡೆಯುತ್ತದೆ. ಮಧ್ಯಾಹ್ನದ ಮಳೆಗೆ ಕರೆಂಟು ಹೋಯಿತು, ಯುಪಿಎಸ್ ಕೈಕೊಟ್ಟಿತು. ಕರೆಂಟು ಬಂದ ಮೇಲೆ ಯಂತ್ರ ಎದ್ದಿತು. ಜಾಲತಾಣ ಮೊದಲೇ ಎದ್ದು ದತ್ತಸಂಚಯವನ್ನು ಕೇಳಿದರೆ ಉತ್ತರವಿಲ್ಲ. ದತ್ತಸಂಚಯ 'ಆರಂಭವಾಗಿದೆ', ಆದರೆ 'ಸಿದ್ಧವಾಗಿಲ್ಲ'. ಈ ಎರಡು ಪದಗಳ ನಡುವಿನ ಅಂತರವೇ ನಮ್ಮ ಇಂದಿನ ವಿಷಯ.

ಜಯನಗರದ ಯಾವುದಾದರೂ ಕಲ್ಯಾಣ ಮಂಟಪಕ್ಕೆ ಹೋಗಿ ನೋಡಿ. ಒಲೆ ಹೊತ್ತಿಸಿದ ಮಾತ್ರಕ್ಕೆ ಯಾರೂ ಪಂಕ್ತಿ ಕೂರಿಸುವುದಿಲ್ಲ. ಅಡುಗೆ ಭಟ್ಟರು ಒಳಗಿನಿಂದ "ಎಲೆ ಹಾಕಬಹುದು" ಎಂದು ಹೇಳಿ ಕಳುಹಿಸಬೇಕು. ಬಾಣಸಿಗರು ಎಷ್ಟು ಜನ, ಒಲೆ ಎಷ್ಟು ಉರಿಯುತ್ತಿದೆ ಎಂದು ಹೊರಗಿನಿಂದ ಎಣಿಸಿ ಇದನ್ನು ತಿಳಿಯಲಾಗದು. ಸಾರು ಕುದಿದಿದೆಯೋ ಇಲ್ಲವೋ ಬಲ್ಲವರು ಒಳಗಿನವರೇ.

ಆದರೆ ಗಣಕಗಳಲ್ಲಿ ಬಹುಕಾಲ ನಡೆದದ್ದು ಹೊರಗಿನಿಂದ ಊಹಿಸುವ ಪದ್ಧತಿಯೇ. ಹಳೆಯ ಡೀಮನ್ ತನ್ನ ಪ್ರತಿಯೊಂದನ್ನು ಹುಟ್ಟಿಸಿ ತಾನು ನಿರ್ಗಮಿಸುತ್ತಿತ್ತು. ತಾಯಿ ಪ್ರಕ್ರಿಯೆ ಹೋದದ್ದನ್ನು ಕಂಡು 'ಮಗು ಸಿದ್ಧ' ಎಂದು ತಿಳಿಯುವುದು ವಾಡಿಕೆ. ಮಗುವಿನ ಕ್ರಮಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಡುತ್ತಿದ್ದರು. ಡೀಮನ್ ಅಕಾಲದಲ್ಲಿ ಸತ್ತರೆ ಆ ಕಡತ ಹಾಗೆಯೇ ಉಳಿಯುತ್ತಿತ್ತು. ಅದೇ ಸಂಖ್ಯೆ ಮುಂದೆ ಬೇರಾವುದೋ ಪ್ರಕ್ರಿಯೆಗೆ ಸಿಕ್ಕಿ, ನಿಲ್ಲಿಸಲು ಹೋದಾಗ ಅಮಾಯಕ ಪ್ರಕ್ರಿಯೆಯೊಂದು ಬಲಿಯಾಗಬಹುದಿತ್ತು. ಇನ್ನು ಕೆಲವರು ಆರಂಭದ ಸ್ಕ್ರಿಪ್ಟ್‌ಗಳಲ್ಲಿ 'ಐದು ಸೆಕೆಂಡು ನಿದ್ರಿಸು' ಎಂದು ಬರೆದು ದೇವರ ಮೇಲೆ ಭಾರ ಹಾಕುತ್ತಿದ್ದರು. ಅಪ್‌ಸ್ಟಾರ್ಟ್‌ನಲ್ಲಿ ಇದ್ದ ಒಂದು ಉಪಾಯ ವಿಚಿತ್ರವಾದದ್ದು: ಸಿದ್ಧವಾದ ಸೇವೆ ತನ್ನನ್ನು ತಾನೇ ಸ್ತಬ್ಧಗೊಳಿಸಿಕೊಳ್ಳಬೇಕು, ಮೇಸ್ತ್ರಿ ಅದನ್ನು ಕಂಡು ಮತ್ತೆ ಚಾಲನೆ ಕೊಡಬೇಕು. ಜಾಣತನವೇನೋ ಹೌದು, ಆದರೆ ಒಂದೇ ಒಂದು ಮಾತನ್ನು ಮಾತ್ರ ಹೇಳಬಲ್ಲ ಭಾಷೆ ಅದು.

ಸಿಸ್ಟಮ್‌ಡಿಯಲ್ಲಿ ಪ್ರತಿ ಸೇವೆಗೂ ಒಂದು ವಿವರಣಾ ಕಡತವಿದ್ದು ಅದರಲ್ಲಿ 'ಟೈಪ್' ಎಂಬ ಸಾಲಿರುತ್ತದೆ. 'ಸಿಂಪಲ್' ಎಂದಿದ್ದರೆ ಪ್ರಕ್ರಿಯೆ ಹುಟ್ಟಿದ ಕ್ಷಣವೇ ಸೇವೆ ಸಿದ್ಧವೆಂದು ಲೆಕ್ಕ. ಅಂದರೆ ಒಲೆ ಹೊತ್ತಿಸಿದೊಡನೆ ಎಲೆ ಹಾಕಿದಂತೆ. 'ನೋಟಿಫೈ' ಎಂದಿದ್ದರೆ ಸೇವೆಯೇ ಬಾಯಿಬಿಟ್ಟು ಹೇಳುವವರೆಗೆ ಮೇಸ್ತ್ರಿ ಕಾಯುತ್ತಾನೆ. ಅಲ್ಲಿಯವರೆಗೆ ಅದರ ಸ್ಥಿತಿ 'ಆಕ್ಟಿವೇಟಿಂಗ್', ಆಮೇಲೆ 'ಆಕ್ಟಿವ್'. ನಮ್ಮ ಜಾಲತಾಣದ ವಿವರಣೆಯಲ್ಲಿ 'ದತ್ತಸಂಚಯದ ನಂತರ' ಎಂಬ ಷರತ್ತಿದ್ದರೆ ಅದು ಎದ್ದೇಳುವುದೂ ಆಮೇಲೆಯೇ. ಬೇರೆ ಟೈಪ್‌ಗಳೂ ಇವೆ, ಅವು ಇಲ್ಲಿ ಬೇಡ.

ಹೇಳುವ ವಿಧಾನ ಅಂಚೆ ಕಾರ್ಡಿನಷ್ಟು ಸರಳ. ಸೇವೆಯನ್ನು ಎಬ್ಬಿಸುವಾಗ ಸಿಸ್ಟಮ್‌ಡಿ ಅದರ ಕೈಗೆ ಒಂದು ವಿಳಾಸ ಕೊಡುತ್ತದೆ. 'ನೋಟಿಫೈ ಸಾಕೆಟ್' ಎಂಬ ಪರಿಸರ ಚರಾಂಶದಲ್ಲಿ ಈ ವಿಳಾಸವಿರುತ್ತದೆ. ಸೇವೆ ಅಲ್ಲಿಗೆ ಒಂದು ಪುಟ್ಟ ಪಠ್ಯ ಸಂದೇಶ ಕಳುಹಿಸುತ್ತದೆ: 'ರೆಡಿ=1'. ಅಷ್ಟೇ. ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಒಂದೇ ಕಾರ್ಡಿನಲ್ಲಿ ಸಾಲಿಗೊಂದರಂತೆ ಹಲವು ಸಂಗತಿ ಬರೆಯಬಹುದು: ಮನುಷ್ಯರು ಓದಲೆಂದು 'ಸ್ಟೇಟಸ್=' ಎಂಬ ಸಾಲು, ಹೊಸ ಸಂರಚನೆ ಓದಿಕೊಳ್ಳುವಾಗ 'ರೀಲೋಡಿಂಗ್=1', ಮುಚ್ಚುವಾಗ 'ಸ್ಟಾಪಿಂಗ್=1'. ಬೇರಾರೋ ಸುಳ್ಳು ಕಾರ್ಡು ಬರೆದರೆ? ಇಲ್ಲಿ ಕರ್ನಲ್ ಅಂಚೆ ಕಚೇರಿಯ ಪಾತ್ರ ವಹಿಸುತ್ತದೆ. ಕಳುಹಿಸಿದ ಪ್ರಕ್ರಿಯೆಯ ಕ್ರಮಸಂಖ್ಯೆಯನ್ನು ಮೊಹರಿನಂತೆ ಅದು ತಾನೇ ಒತ್ತುತ್ತದೆ. ಮುಖ್ಯ ಪ್ರಕ್ರಿಯೆಯಿಂದ ಬಂದ ಕಾರ್ಡನ್ನಷ್ಟೇ ಸಿಸ್ಟಮ್‌ಡಿ ಸಾಮಾನ್ಯವಾಗಿ ಒಪ್ಪುತ್ತದೆ; ಬೇಕಿದ್ದರೆ 'ನೋಟಿಫೈ ಆಕ್ಸೆಸ್' ಸಾಲಿನಿಂದ ಇದನ್ನು ಸಡಿಲಿಸಬಹುದು.

ಕಾಯುವುದಕ್ಕೂ ಮಿತಿಯುಂಟು. ರೂಢಿಯ ಮಿತಿ 90 ಸೆಕೆಂಡು. ಅಷ್ಟರಲ್ಲಿ ಸಿದ್ಧತೆಯ ಕಾರ್ಡು ಬಾರದಿದ್ದರೆ ಆರಂಭ ವಿಫಲವಾಯಿತೆಂದು ತೀರ್ಮಾನಿಸಿ ಸಿಸ್ಟಮ್‌ಡಿ ಆ ಪ್ರಕ್ರಿಯೆಯನ್ನು ಕೊನೆಗಾಣಿಸುತ್ತದೆ. ನಮ್ಮ ಶಾಲೆಯ ದತ್ತಸಂಚಯಕ್ಕೆ ಕುತ್ತು ಬರುವುದು ಇಲ್ಲಿಯೇ. ಕರೆಂಟು ಹೋದಾಗ ಅರ್ಧಕ್ಕೆ ನಿಂತ ವ್ಯವಹಾರಗಳನ್ನು ದಿನಚರಿ ಕಡತ ನೋಡಿ ಸರಿಪಡಿಸಿದ ಹೊರತು ಮರಿಯಾಡಿಬಿ ಬಾಗಿಲು ತೆರೆಯುವುದಿಲ್ಲ. ಹಳೆಯ ಹಾರ್ಡ್‌ಡಿಸ್ಕ್‌ನ ಮೇಲೆ ಈ ಚೇತರಿಕೆಗೆ ಕೆಲವು ನಿಮಿಷಗಳೇ ಬೇಕಾಗಬಹುದು. 90ನೇ ಸೆಕೆಂಡಿಗೆ ಕೊಂದು ಮತ್ತೆ ಆರಂಭಿಸಿದರೆ ಚೇತರಿಕೆಯೂ ಮತ್ತೆ ಆರಂಭ. ಅಂಕಪಟ್ಟಿ ಡಿಸ್ಕ್‌ನಲ್ಲಿ ಸುರಕ್ಷಿತವಾಗಿದ್ದರೂ ಯಾರ ಕೈಗೂ ಸಿಗದು.

ಮಿತಿಯನ್ನು ಕೈಯಾರೆ ಹೆಚ್ಚಿಸುವುದು ಒಂದು ಪರಿಹಾರ. ಆದರೆ ಎಷ್ಟಕ್ಕೆ? ಹತ್ತು ನಿಮಿಷ ಇಟ್ಟರೆ ನಿಜಕ್ಕೂ ಕೆಟ್ಟುನಿಂತ ಸೇವೆಗೂ ಹತ್ತು ನಿಮಿಷ ಕಾಯಬೇಕು. 2017ರಲ್ಲಿ ಸಿಸ್ಟಮ್‌ಡಿಯ 236ನೇ ಆವೃತ್ತಿಯಲ್ಲಿ ಬಂದ ಸಂದೇಶವೊಂದು ಇದಕ್ಕಿಂತ ಉತ್ತಮ. 'ಎಕ್ಸ್‌ಟೆಂಡ್ ಟೈಮ್‌ಔಟ್' ಎಂಬ ಈ ಸಾಲಿನಲ್ಲಿ ಸೇವೆ "ಇನ್ನಿಷ್ಟು ಮೈಕ್ರೊಸೆಕೆಂಡು ಕೊಡಿ" ಎಂದು ಬೇಡುತ್ತದೆ. ಆ ಗಡುವು ಮುಗಿಯುವ ಮೊದಲು ಮತ್ತೆ ಬೇಡಬೇಕು, ಇಲ್ಲವೇ ಸಿದ್ಧವೆನ್ನಬೇಕು. ಕೆಲಸ ನಿಜವಾಗಿ ಮುಂದುವರಿಯುತ್ತಿದ್ದರೆ ಕಾಲಾವಕಾಶ, ನಿಂತುಹೋದರೆ ಗಡುವು. ಮರಿಯಾಡಿಬಿ ಈಗ ಚೇತರಿಕೆಯ ವೇಳೆ ಹೀಗೆಯೇ ಮಾಡುತ್ತದೆ. ನನ್ನ ದೃಷ್ಟಿಯಲ್ಲಿ ಈ ಇಡೀ ಏರ್ಪಾಡಿನ ಅತ್ಯಂತ ವಿವೇಕದ ಭಾಗ ಇದು.

ಸಿದ್ಧವಾದ ಮೇಲೂ ವರದಿ ನಿಲ್ಲಬೇಕಾಗಿಲ್ಲ. ಪ್ರಕ್ರಿಯೆ ಬದುಕಿದ್ದೂ ಒಳಗೆ ಸಿಕ್ಕಿಹಾಕಿಕೊಂಡು ನಿಷ್ಕ್ರಿಯವಾಗಿರಬಹುದು. ಅದಕ್ಕೆಂದೇ 'ವಾಚ್‌ಡಾಗ್' ಅಥವಾ ಕಾವಲು ನಾಯಿಯ ಏರ್ಪಾಡಿದೆ. ವಿವರಣಾ ಕಡತದಲ್ಲಿ ಅವಧಿ ನಿಗದಿಯಾಗಿದ್ದರೆ ಅದರೊಳಗೆ ಸೇವೆ 'ವಾಚ್‌ಡಾಗ್=1' ಎಂಬ ಸಂದೇಶ ಕಳುಹಿಸುತ್ತಲೇ ಇರಬೇಕು; ಅವಧಿಯ ಅರ್ಧಕ್ಕೊಮ್ಮೆ ಕಳುಹಿಸುವುದು ಕ್ಷೇಮ. ಸಿಸ್ಟಮ್‌ಡಿಯದೇ ದಾಖಲೆಗಾರನಾದ 'ಜರ್ನಲ್‌ಡಿ'ಗೆ ಈ ಅವಧಿ 3 ನಿಮಿಷ. ತಪ್ಪಿದರೆ ಸೇವೆಯನ್ನು ಕೊನೆಗೊಳಿಸಿ, ಹಾಗೆಂದು ಸೂಚನೆಯಿದ್ದರೆ ಮರಳಿ ಎಬ್ಬಿಸಲಾಗುತ್ತದೆ. ಕೆಲವು ತಂತ್ರಾಂಶಕಾರರು ಈ ಸಂದೇಶ ಕಳುಹಿಸಲೆಂದೇ ಪ್ರತ್ಯೇಕ ಎಳೆಯೊಂದನ್ನು ಬರೆದುಬಿಡುತ್ತಾರೆ. ಮುಖ್ಯ ಕೆಲಸ ನಿಂತರೂ ಸಂದೇಶ ಹೋಗುತ್ತಲೇ ಇರುತ್ತದೆ. ಗೆಳೆಯನ ಹಾಜರಿ ಕೂಗುವ ವಿದ್ಯಾರ್ಥಿಯನ್ನು ಕಂಡ ಶಿಕ್ಷಕರಿಗೆ ಇದನ್ನು ವಿವರಿಸಬೇಕಿಲ್ಲ.

ಇಷ್ಟು ಚಿಕ್ಕ ಸಂದೇಶದ ಹಿಂದೆ ಒಂದು ದೊಡ್ಡ ಅಪಾಯ ಬಂದು ಹೋದದ್ದು 2024ರಲ್ಲಿ. ದೂರದ ಗಣಕಕ್ಕೆ ಸುರಕ್ಷಿತವಾಗಿ ಪ್ರವೇಶಿಸಲು ಜಗತ್ತೇ ನೆಚ್ಚಿರುವ 'ಓಪನ್‌ಎಸ್‌ಎಸ್‌ಎಚ್' ಸೇವೆಯಲ್ಲಿ 'ರೆಡಿ=1' ಹೇಳುವ ಕೌಶಲ ಆಗ ಇರಲಿಲ್ಲ. ಡೆಬಿಯನ್, ಫೆಡೋರಾದಂಥ ವಿತರಕರು ಅದನ್ನು ತಾವೇ ಸೇರಿಸಿದ್ದರು. ಒಂದು ಸಾಲು ಕಳುಹಿಸಲೆಂದು ಸಿಸ್ಟಮ್‌ಡಿಯ ಇಡೀ ಗ್ರಂಥಾಲಯವನ್ನು ಜೋಡಿಸಿದರು. ಆ ಗ್ರಂಥಾಲಯ 'ಎಕ್ಸ್‌ಝಡ್' ಎಂಬ ದತ್ತ ಸಂಕೋಚನ ತಂತ್ರಾಂಶದ ಗ್ರಂಥಾಲಯವನ್ನು ಅವಲಂಬಿಸಿತ್ತು. ವರ್ಷಗಳ ಕಾಲ ಸಭ್ಯ ಸಹಾಯಕನಂತೆ ನಟಿಸಿದ್ದ ಒಬ್ಬ ವ್ಯಕ್ತಿ ಎಕ್ಸ್‌ಝಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಪ್ತದ್ವಾರವೊಂದನ್ನು ಅಡಗಿಸಿಟ್ಟಿದ್ದ. ಕೀಲಿಯುಳ್ಳವನು ಆ ದಾರಿಯಿಂದ ಓಪನ್‌ಎಸ್‌ಎಸ್‌ಎಚ್‌ನೊಳಗೇ ನುಗ್ಗಬಹುದಿತ್ತು. ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಸಂಶಯಪಟ್ಟ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಾಂಶ ಎಂಜಿನಿಯರ್ 2024ರ ಮಾರ್ಚ್ 29ರಂದು ಇದನ್ನು ಬಯಲು ಮಾಡಿದರು. ಅದು ಆಗಿನ್ನೂ ಮುಖ್ಯವಾಗಿ ಪ್ರಯೋಗಾವಸ್ಥೆಯ ಆವೃತ್ತಿಗಳನ್ನಷ್ಟೇ ತಲುಪಿತ್ತು. ಅದೇ ವರ್ಷದ ಜುಲೈ 1ರಂದು ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಈ ಸಂದೇಶವನ್ನು ಯಾವ ಹೊರ ಗ್ರಂಥಾಲಯದ ಹಂಗೂ ಇಲ್ಲದೆ ಸ್ವತಃ ಕಳುಹಿಸುವ ವ್ಯವಸ್ಥೆ ಮಾಡಲಾಯಿತು. ಅಂಚೆ ಕಾರ್ಡು ಬರೆಯಲು ಅಚ್ಚುಕೂಟ ಬೇಕಿರಲಿಲ್ಲ.

ಇದನ್ನು ಶಾಲೆಯ ಗಣಕದಲ್ಲೇ ಪ್ರಯೋಗಿಸಿ ನೋಡಬಹುದು. ನಿರ್ವಾಹಕರ ಗುಪ್ತಪದ ಬೇಕು. ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಆದೇಶಗಳನ್ನು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ. ಮೊದಲು 20 ಸೆಕೆಂಡು ನಿದ್ರಿಸಿ, ಬಳಿಕ 'ಸಿಸ್ಟಮ್‌ಡಿ-ನೋಟಿಫೈ' ಆದೇಶದಿಂದ ಸಿದ್ಧತೆಯನ್ನು ವರದಿ ಮಾಡಿ, ಅನಂತರ ದೀರ್ಘ ನಿದ್ರೆಗೆ ಹೋಗುವ ಮೂರು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆಯಿರಿ. ಇದಕ್ಕೊಂದು ವಿವರಣಾ ಕಡತ ಮಾಡಿ ಟೈಪ್ 'ನೋಟಿಫೈ' ಎಂದೂ ನೋಟಿಫೈ ಆಕ್ಸೆಸ್ 'ಆಲ್' ಎಂದೂ ಕೊಡಿ. ವರದಿ ಮಾಡುವ ಆದೇಶ ಸ್ಕ್ರಿಪ್ಟ್‌ನ ಮಗು ಪ್ರಕ್ರಿಯೆಯಾದ್ದರಿಂದ ಎರಡನೆಯದು ಅಗತ್ಯ. 'ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್' ಎಂದೊಡನೆ ಆದೇಶ 20 ಸೆಕೆಂಡು ಹಾಗೆಯೇ ನಿಲ್ಲುತ್ತದೆ. ಟೈಪನ್ನು 'ಸಿಂಪಲ್' ಎಂದು ಬದಲಿಸಿ ಮತ್ತೆ ನೋಡಿ, ತಕ್ಷಣ ಹಿಂದಿರುಗುತ್ತದೆ. ಮತ್ತೆ 'ನೋಟಿಫೈ' ಮಾಡಿ, ವರದಿಯ ಸಾಲನ್ನು ಅಳಿಸಿದರೆ ಒಂದೂವರೆ ನಿಮಿಷದ ಬಳಿಕ ವೈಫಲ್ಯ. ಪ್ರತಿ ಬದಲಾವಣೆಯ ನಂತರ ಸೇವೆಯನ್ನು ನಿಲ್ಲಿಸಿ 'ಡೀಮನ್-ರೀಲೋಡ್' ಕೊಡಲು ಮರೆಯಬೇಡಿ.

ಸ್ಟೇಟಸ್ ಸಾಲು ಯುನಿಕೋಡ್ ಪಠ್ಯವನ್ನು ಸ್ವೀಕರಿಸುವುದರಿಂದ ಅಲ್ಲಿ 'ಪ್ರಶ್ನೆಕೋಶ ತೆರೆಯುತ್ತಿದೆ' ಎಂದು ಕನ್ನಡದಲ್ಲೇ ಬರೆಯಬಹುದು. 'ಸಿಸ್ಟಮ್‌ಸಿಟಿಎಲ್ ಸ್ಟೇಟಸ್' ಆದೇಶ ಅದನ್ನು ಹಾಗೆಯೇ ತೋರಿಸುತ್ತದೆ. ಟರ್ಮಿನಲ್ ಕಿಟಕಿಯಲ್ಲಿ ಒತ್ತಕ್ಷರಗಳು ಸ್ವಲ್ಪ ಚದುರಿದಂತೆ ಕಂಡರೆ ಅದು ಕಿಟಕಿಯ ದೋಷ, ಸಂದೇಶದ್ದಲ್ಲ.